ಗಲ್ಲು ತಪ್ಪಿದ್ದರಿಂದ ಮರೆಯಾದ ಬಟುಕೇಶ್ವರ ದತ್ತ

ಟೋಪಿ ಧರಿಸಿದ ಭಗತ್ ಸಿಂಗ್ ಚಿತ್ರ ನಮ್ಮ ಊರುಗಳ ಆಟೋಗಳ ಹಿಂಬದಿಯಲ್ಲೂ ಕಾಣಸಿಗುತ್ತದೆ. ಆದರೆ 1929ರ ಏಪ್ರಿಲ್ 8ರಂದು ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಅವರ ಜೊತೆ ನಿಂತು ಬಾಂಬು ಎಸೆದ ಬಟುಕೇಶ್ವರ ದತ್ತರನ್ನು ಚಿತ್ರ ನೋಡಿ ಗುರುತಿಸಬಲ್ಲವರು ವಿರಳ. ದತ್ತರು ಗಲ್ಲಿಗೇರಲಿಲ್ಲ ಎಂಬುದೇ ಈ ಮರೆವಿಗೆ ಮುಖ್ಯ ಕಾರಣ ಎಂದು ನಾನು ಭಾವಿಸಿದ್ದೇನೆ.

ಬರ್ದ್ವಾನ್ ಜಿಲ್ಲೆಯ ಓರಿ ಎಂಬ ಹಳ್ಳಿಯಲ್ಲಿ 1910ರಲ್ಲಿ ಹುಟ್ಟಿದ ದತ್ತರು ಕಾನ್ಪುರದಲ್ಲಿ ಓದುತ್ತಿದ್ದಾಗಲೇ ಕ್ರಾಂತಿಕಾರಿಗಳ ಸಂಪರ್ಕಕ್ಕೆ ಬಂದರು. ಶಾಸನಸಭೆಗೆ ಯಾರನ್ನು ಕಳುಹಿಸಬೇಕೆಂದು ಸಂಘಟನೆಯಲ್ಲಿ ಚರ್ಚೆಯಾದಾಗ ಮೊದಲ ತೀರ್ಮಾನದಲ್ಲಿ ಭಗತ್ ಸಿಂಗ್ ಹೆಸರು ಇರಲಿಲ್ಲ. ಸುಖದೇವರ ಒತ್ತಾಯದಿಂದ ಆಮೇಲೆ ಸೇರಿತು. ದತ್ತರ ಹೆಸರು ಮೊದಲಿನಿಂದಲೂ ಇತ್ತು. ಕಾರ್ಮಿಕರ ಮುಷ್ಕರಗಳನ್ನು ಹತ್ತಿಕ್ಕುವ ಮಸೂದೆ, ಸಾರ್ವಜನಿಕ ಸುರಕ್ಷತಾ ಮಸೂದೆ ಇವೆರಡರ ವಿರುದ್ಧ ಯಾರೂ ಸಾಯದಂತೆ ಬಾಂಬು ಎಸೆದು, ಕರಪತ್ರಗಳನ್ನು ತೂರಿ, ಓಡಿಹೋಗಲು ಅವಕಾಶವಿದ್ದರೂ ಇಬ್ಬರೂ ನಿಂತಲ್ಲೇ ಬಂಧನಕ್ಕೊಳಗಾದರು.

ಭಗತ್ ಸಿಂಗರನ್ನು ಈ ಬಾಂಬಿನ ಪ್ರಕರಣಕ್ಕಾಗಿಯೇ ಗಲ್ಲಿಗೇರಿಸಿದರೆಂದು ಅನೇಕರು ತಿಳಿದಿದ್ದಾರೆ. ಈ ಪ್ರಕರಣದಲ್ಲಿ ಇಬ್ಬರಿಗೂ ಸಿಕ್ಕಿದ್ದು ಒಂದೇ ಶಿಕ್ಷೆ, ಜೀವಾವಧಿ ಗಡೀಪಾರು. ನೇಣು ಬಂದದ್ದು ಬ್ರಿಟಿಷ್ ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಯ ಮೊಕದ್ದಮೆಯಿಂದ. ಆ ಹತ್ಯೆಯಲ್ಲಿ ದತ್ತರ ಕೈ ಇರಲಿಲ್ಲ. ಒಂದೇ ದಿನ ಒಂದೇ ಕೆಲಸ ಮಾಡಿದ ಇಬ್ಬರ ಬದುಕು ಹೀಗೆ ಕವಲೊಡೆಯಿತು.

ಜೈಲಿನಲ್ಲಿ ರಾಜಕೀಯ ಕೈದಿಗಳಿಗೆ ಮನುಷ್ಯರು ತಿನ್ನುವಂತಹ ಊಟ, ಪುಸ್ತಕ, ಪತ್ರಿಕೆಗಳು ಬೇಕೆಂದು ಇಬ್ಬರೂ ಉಪವಾಸ ಆರಂಭಿಸಿದರು. ಆ ಹೋರಾಟವನ್ನು ಸೇರಿಕೊಂಡ ಜತೀನ್ ದಾಸ್ 63 ದಿನಗಳ ಉಪವಾಸದ ನಂತರ 1929ರ ಸೆಪ್ಟೆಂಬರ್ 13ರಂದು ತೀರಿಕೊಂಡರು. ಮರುವರ್ಷ ಮರಣದಂಡನೆಯ ತೀರ್ಪು ಬಂದ ಮೇಲೆ ಭಗತ್ ಸಿಂಗ್ ದತ್ತರಿಗೆ ಒಂದು ಪತ್ರ ಬರೆದರು. ಕ್ರಾಂತಿಕಾರಿಗಳು ಆದರ್ಶಕ್ಕಾಗಿ ಸಾಯುವುದಷ್ಟೇ ಅಲ್ಲ, ಬದುಕಿದ್ದು ಪ್ರತಿಯೊಂದು ಸಂಕಷ್ಟವನ್ನೂ ಎದುರಿಸಬಲ್ಲರು ಎಂಬುದನ್ನು ನೀನು ಜಗತ್ತಿಗೆ ತೋರಿಸಬೇಕು ಎಂಬುದು ಅದರ ತಾತ್ಪರ್ಯ. ಸಾವಿನ ಅಂಚಿನಲ್ಲಿದ್ದ ಇಪ್ಪತ್ಮೂರರ ತರುಣನೊಬ್ಬ ಗೆಳೆಯನಿಗೆ ಇಷ್ಟು ಭಾರದ ಹೊಣೆ ಹೊರಿಸಿದ್ದನ್ನು ಓದಿದಾಗಲೆಲ್ಲ ನನಗೆ ದತ್ತರ ಬಗ್ಗೆಯೇ ಹೆಚ್ಚು ಕನಿಕರ ಹುಟ್ಟುತ್ತದೆ.

ಆ ಹೊಣೆಯನ್ನು ಅವರು ಹೊತ್ತರು. ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿ 1933 ಮತ್ತು 1937ರ ಉಪವಾಸಗಳಲ್ಲಿ ಪಾಲ್ಗೊಂಡರು. ಮೊದಲನೆಯದರಲ್ಲಿ ಬಲವಂತವಾಗಿ ಆಹಾರ ತುಂಬುವಾಗ ಸಂಗಾತಿ ಮಹಾವೀರ್ ಸಿಂಗ್ ಸತ್ತರು. 1938ರಲ್ಲಿ ಕ್ಷಯದಿಂದ ಬಳಲಿ ಬಿಡುಗಡೆಯಾದ ಮನುಷ್ಯ ಇನ್ನು ಸಾಕೆಂದು ಮನೆಯಲ್ಲಿ ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ದತ್ತರು 1942ರ ಚಳವಳಿಯಲ್ಲಿ ಮತ್ತೆ ಜೈಲು ಸೇರಿದರು.

ಸ್ವಾತಂತ್ರ್ಯ ಬಂದ ವರ್ಷವೇ ಮದುವೆಯಾಗಿ ಪಟ್ನಾದಲ್ಲಿ ನೆಲೆಸಿದ ದತ್ತರು ಹೊಟ್ಟೆಪಾಡಿಗಾಗಿ ಸಿಗರೇಟ್ ಕಂಪನಿಯೊಂದರ ಏಜೆಂಟರಾದರು, ಬಿಸ್ಕತ್ತು ತಯಾರಿಸುವ ಸಣ್ಣ ಕಾರ್ಖಾನೆ ತೆರೆದು ನಷ್ಟ ಅನುಭವಿಸಿದರು. ಯಾವ ಗಡಿಬಿಡಿಯೂ ಇಲ್ಲದ, ಯಾವ ಕ್ಯಾಲೆಂಡರಿನ ಚಿತ್ರಕ್ಕೂ ಒದಗದ ಈ ವರ್ಷಗಳೇ ಅವರ ಬದುಕಿನ ಅತಿ ಕಠಿಣ ಭಾಗವೆಂಬುದು ನನ್ನ ನಂಬಿಕೆ. ಸತ್ತವರಿಗೆ ಪ್ರತಿಮೆ ಕಟ್ಟುವುದು ಸರಕಾರಗಳಿಗೆ ಸುಲಭ. ಬದುಕಿ ಉಳಿದವರಿಗೆ ಕೆಲಸ, ಔಷಧಿ, ಬಾಡಿಗೆ ಬೇಕಾಗುತ್ತದೆ, ಮೇಲಾಗಿ ಅವರು ಪ್ರಶ್ನೆಯನ್ನೂ ಕೇಳಬಲ್ಲರು.

ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ 1965ರ ಜುಲೈ 20ರಂದು ದತ್ತರು ನಿಧನರಾದರು. ಕೊನೆಯ ದಿನಗಳಲ್ಲಿ ಭಗತ್ ಸಿಂಗರ ತಾಯಿ ವಿದ್ಯಾವತಿ ದತ್ತರನ್ನು ಕಾಣಲು ಬಂದಿದ್ದರು. ಗೆಳೆಯರ ಪಕ್ಕದಲ್ಲೇ ತಮ್ಮ ಅಂತ್ಯಸಂಸ್ಕಾರ ಆಗಬೇಕೆಂಬ ದತ್ತರ ಇಚ್ಛೆಯಂತೆ, ಭಗತ್ ಸಿಂಗ್ ಮತ್ತು ಸಂಗಾತಿಗಳ ಸಂಸ್ಕಾರ ನಡೆದಿದ್ದ ಫಿರೋಜ್‌ಪುರದ ಬಳಿಯ ಹುಸೇನಿವಾಲಾದಲ್ಲಿ ಅದು ನೆರವೇರಿತು. ವಿಭಜನೆಯಲ್ಲಿ ಪಾಕಿಸ್ತಾನದ ಪಾಲಾಗಿದ್ದ ಆ ಜಾಗ ಗಡಿ ವಿನಿಮಯದಲ್ಲಿ ಭಾರತಕ್ಕೆ ಮರಳಿದ್ದು 1961ರಲ್ಲಿ. ಇಲ್ಲದಿದ್ದರೆ ಈ ಇಚ್ಛೆಯೂ ಈಡೇರುತ್ತಿರಲಿಲ್ಲ.

ಪ್ರತಿ ಮಾರ್ಚ್ 23ರಂದು ನಮ್ಮ ಶಾಲಾ ಕಾಲೇಜುಗಳಲ್ಲಿ ಹುತಾತ್ಮರ ದಿನದ ಭಾಷಣ ಮಾಡುವವರಲ್ಲಿ ನನ್ನದೊಂದು ಕೋರಿಕೆಯಿದೆ. ಶಾಸನಸಭೆಯ ಬಾಂಬಿನ ಕಥೆಯನ್ನು 1931ರ ನೇಣಿಗೆ ನಿಲ್ಲಿಸದೆ 1965ರವರೆಗೂ ಹೇಳಿ, ಬಿಸ್ಕತ್ತು ಕಾರ್ಖಾನೆಯನ್ನೂ ಸೇರಿಸಿ.