ನಾಲ್ಕು ಸಂಪರ್ಕ ಸಾಕು, ಉಳಿದ ಹೊತ್ತು ಮಕ್ಕಳದು

ಹೋದ ವಾರ ಮನೆಮಂದಿಯೆಲ್ಲ ಬೆಟ್ಟ ಹತ್ತಿದೆವು. ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು, ಏಳು ವರ್ಷದ ಮಗ. ಬೆನ್ನ ಮೇಲೆ ಪುಟ್ಟ ರೇಡಿಯೋ, ಬ್ಯಾಟರಿ, ಆಂಟೆನಾಗೆ ಸುತ್ತಿಟ್ಟ ತಂತಿ ಮತ್ತು ಅದನ್ನು ಎತ್ತಿ ಹಿಡಿಯಲು ಒಂದರೊಳಗೊಂದು ಸೇರಿಕೊಳ್ಳುವ ಫೈಬರ್ ಕೋಲು. "ನಿಮ್ಮ ಹ್ಯಾಮ್ ರೇಡಿಯೋ ಹುಚ್ಚಿಗೆ ಮಕ್ಕಳನ್ನು ಯಾಕೆ ಎಳ್ಕೊಂಡು ಹೋಗ್ತೀರಿ? ಅವರಿಗೆ ಬೇಜಾರಾಗಲ್ವಾ?" ಅಂತ ಗೆಳೆಯರೊಬ್ಬರು ಕೇಳಿದರು. ಅವರಿಗೆ ಒಂದು ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹ್ಯಾಮ್ ರೇಡಿಯೋ ಅಂದರೆ ಲೈಸೆನ್ಸ್ ಪಡೆದವರು ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಒಬ್ಬರಿಗೊಬ್ಬರು ಮಾತಾಡುವುದು. ಹಾಗೆ ಮಾತಾಡುವವರೇ ಹ್ಯಾಮ್‌ಗಳು.

ಇದು ಸುಮ್ನೆ ನಮಗೆ ನಾವೇ ಮಾಡಿಕೊಂಡ ಆಟವಲ್ಲ. ಸಮ್ಮಿಟ್ಸ್ ಆನ್ ದಿ ಏರ್ ಅಂತ ಒಂದು ಕಾರ್ಯಕ್ರಮ ಇದೆ. ಹ್ಯಾಮ್‌ಗಳು ಚಿಕ್ಕದಾಗಿ ಸೋಟಾ ಅನ್ನುತ್ತಾರೆ. 2002ರ ಮಾರ್ಚ್ 2ರಂದು ಬ್ರಿಟನ್‌ನಲ್ಲಿ ಶುರುವಾಗಿ ಈಗ ಎಷ್ಟೋ ದೇಶಗಳಿಗೆ ಹಬ್ಬಿದೆ. ಪಟ್ಟಿಯಲ್ಲಿರುವ ಬೆಟ್ಟದ ತುದಿಗೆ ಹೋಗಿ ಅಲ್ಲಿಂದ ರೇಡಿಯೋದಲ್ಲಿ ಮಾತಾಡಬೇಕು. ಕಡೇಪಕ್ಷ ನಾಲ್ಕು ಬೇರೆ ಬೇರೆ ಕೇಂದ್ರಗಳ, ಅಂದರೆ ಬೇರೆ ಹ್ಯಾಮ್‌ಗಳ, ಜೊತೆ ಸಂಪರ್ಕ ಆದರೆ ಅಂಕ ಸಿಗುತ್ತದೆ. ಬೆಟ್ಟ ನೋಡಿಕೊಂಡು 1ರಿಂದ 10ರವರೆಗೆ. ಕಾರಿನಲ್ಲಿ ಕೂತು ಮಾತಾಡುವಂತಿಲ್ಲ. ನೆಲದ ಮೇಲಿನ ರಿಪೀಟರ್ (ದನಿ ಹಿಡಿದು ಮತ್ತೆ ದೂರಕ್ಕೆ ಕಳಿಸುವ ಯಂತ್ರ) ಮೂಲಕ ಆದ ಮಾತು ಲೆಕ್ಕಕ್ಕಿಲ್ಲ. ಸಾಮಾನನ್ನೆಲ್ಲ ಹತ್ತುವವರೇ ಹೊತ್ತು ತರಬೇಕು. ಆದರೆ ಒಬ್ಬನೇ ಹೊರಬೇಕು ಅಂತೇನಿಲ್ಲ, ಜೊತೆಗೆ ಬಂದ ತಂಡ ಹಂಚಿಕೊಂಡು ಹೊರಬಹುದು. ನಮ್ಮ ಮನೆಯ ತಂಡಕ್ಕೆ ಈ ನಿಯಮ ತುಂಬ ಇಷ್ಟ.

ಮೊದಲ ಸಲ ನಾನು ಮಾಡಿದ್ದು ತಪ್ಪು. ಗಂಟೆಗಟ್ಟಲೆ ರೇಡಿಯೋ ಮುಂದೆ ಕೂತೆ. ಒಬ್ಬರಾದ ಮೇಲೆ ಒಬ್ಬರು ಕರೆಯುತ್ತಲೇ ಇದ್ದರು, ನಾನು ಬಿಡದೆ ಉತ್ತರ ಕೊಡುತ್ತಲೇ ಇದ್ದೆ. ಹಿಂದಿನಿಂದ ಚಳಿಗಾಳಿ ಬೀಸುತ್ತಿತ್ತು. ತಿರುಗಿ ನೋಡಿದರೆ ಮಗ ಅಮ್ಮನ ಜಾಕೆಟ್ಟಿನೊಳಗೆ ಮುದುಡಿಕೊಂಡಿದ್ದ. ಮಗಳು ಮಾತೇ ಆಡಲಿಲ್ಲ. ನನಗೆ ಅಷ್ಟು ಖುಷಿ ಕೊಟ್ಟ ಹೊತ್ತು ಅವರಿಗೆ ಬರೀ ಕಾಯುವ ಹೊತ್ತಾಗಿತ್ತು. ಆ ದಿನ ಇಳಿಯುವಾಗ ನನಗೆ ನಿಜವಾಗಲೂ ಬೇಸರವಾಯಿತು.

ಅಂದಿನಿಂದ ಮನೆಯಲ್ಲಿ ಒಂದು ಒಪ್ಪಂದ. ನಡಿಗೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಲೆಕ್ಕದಲ್ಲಿ. ಸಂಪರ್ಕ ನಾಲ್ಕು. ಅದರ ಮೇಲೆ ಮುಂದುವರಿಸಬೇಕೋ ಬೇಡವೋ ಅಂತ ಮಕ್ಕಳು ಹೇಳಬೇಕು. ಮತ್ತೆ, ಯಾರೂ ಸುಮ್ನೆ ಕೂರುವ ಹಾಗಿಲ್ಲ.

ತಂತಿ ಎಳೆಯುವುದು ಮಗನ ಕೆಲಸ. 14 ಮೆಗಾಹರ್ಟ್ಸ್‌ಗೆ ಅರ್ಧ ಅಲೆಯುದ್ದದ (ಒಂದು ರೇಡಿಯೋ ಅಲೆಯ ಉದ್ದದ ಅರ್ಧದಷ್ಟು) ತಂತಿ ಸುಮಾರು 10 ಮೀಟರ್, 7 ಮೆಗಾಹರ್ಟ್ಸ್‌ಗೆ ಅದರ ಎರಡರಷ್ಟು. "ಹತ್ತು ಮೀಟರ್ ಅಂದ್ರೆ ನನ್ನ ಹದಿನೇಳು ಹೆಜ್ಜೆ" ಅನ್ನುತ್ತಾನೆ. ಅಳೆದು, ದಾರಿಹೋಕರ ಕಾಲಿಗೆ ಸಿಗದ ಕಡೆ ಕಟ್ಟುತ್ತಾನೆ. ಅಲೆಯುದ್ದ ಅನ್ನುವುದು ಅವನಿಗೆ ಪಾಠವಾಗಿ ಬರಲಿಲ್ಲ, ಕಾಲಿನಿಂದ ಬಂತು.

ಹೆಂಡತಿಯ ಕಣ್ಣು ಆಕಾಶದ ಮೇಲೆ. ಗುಡುಗು ಕೇಳಿದರೆ ಕೋಲು ಇಳಿಸಿ, ಎಲ್ಲ ಕಟ್ಟಿಕೊಂಡು ಹೊರಡಬೇಕು. ಎರಡೇ ಸಂಪರ್ಕ ಆಗಿದ್ದರೂ ಸರಿ. ಅಲ್ಲಿ ಅವಳ ಮಾತೇ ಕೊನೆ. ಬೋಳು ತುದಿಯಲ್ಲಿ ಕೋಲು ನಿಲ್ಲಿಸಿ ಅದರ ಬುಡದಲ್ಲಿ ಕೂರುವವರು ಸಿಡಿಲಿನ ವಿಷಯದಲ್ಲಿ ಚೌಕಾಸಿ ಮಾಡಬಾರದು.

ಯಾರ ಜೊತೆ ಸಂಪರ್ಕ ಆಯಿತು ಅಂತ ಬರೆದಿಡುವ ಲಾಗ್ ಪುಸ್ತಕ ಮಗಳದು. ಅವಳಿಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದವರು ಮೈಕ್ ಹಿಡಿಯಬಹುದಾ ಅನ್ನುವುದು ಒಂದೊಂದು ದೇಶದಲ್ಲಿ ಒಂದೊಂದು ಥರ. ಆದರೆ ಕೇಳುವುದಕ್ಕೆ, ಬರೆಯುವುದಕ್ಕೆ ಅಡ್ಡಿಯಿಲ್ಲ ಅಲ್ವಾ? ಹೆಡ್‌ಫೋನಿನ ಒಂದು ಕಡೆ ನನ್ನ ಕಿವಿಗೆ, ಇನ್ನೊಂದು ಕಡೆ ಅವಳ ಕಿವಿಗೆ. ಈ ಸಲ ಮೂರನೇ ಸಂಪರ್ಕ ತುಂಬ ಕ್ಷೀಣವಾಗಿತ್ತು. ದನಿ ಏಳುತ್ತಿತ್ತು, ಮತ್ತೆ ಗದ್ದಲದಲ್ಲಿ ಮುಳುಗುತ್ತಿತ್ತು. ಪ್ರತಿ ಹ್ಯಾಮ್‌ಗೂ ಇರುವ ಗುರುತಿನ ಹೆಸರು, ಅಂದರೆ ಕಾಲ್‌ಸೈನಿನ, ಕೊನೆಯ ಅಕ್ಷರ ನನಗೆ ಎರಡು ಸಲ ತಪ್ಪಿತು. ಅವಳು ಕಣ್ಣು ಮುಚ್ಚಿ ಕೇಳಿ "ಜೂಲಿಯೆಟ್" ಅಂತ ಪಿಸುಗುಟ್ಟಿದಳು. ರೇಡಿಯೋದಲ್ಲಿ ಅಕ್ಷರ ತಪ್ಪಾಗಿ ಕೇಳದಿರಲಿ ಅಂತ ಒಂದೊಂದಕ್ಕೂ ಒಂದು ಪದ ಹೇಳುತ್ತಾರೆ, ಜೂಲಿಯೆಟ್ ಅಂದರೆ ಜೆ. ನಾನು ಪೂರ್ತಿ ಕಾಲ್‌ಸೈನ್ ತಿರುಗಿ ಹೇಳಿದೆ. ಆ ಕಡೆಯಿಂದ ಹೌದು ಅಂತ ಬಂತು. ಅವಳ ಪೆನ್ಸಿಲ್ ಆಗಲೇ ಓಡುತ್ತಿತ್ತು.

ನಮ್ಮದು ಬರೀ 5 ವಾಟ್. ಒಂದು ಚಿಕ್ಕ ಎಲ್‌ಇಡಿ ಬಲ್ಬಿನಷ್ಟು. ಅದೇ ಶಕ್ತಿ ಎಷ್ಟೋ ಎತ್ತರದ ಅಯಾನುಗೋಳದಲ್ಲಿ (ವಾತಾವರಣದ ಮೇಲಿನ, ವಿದ್ಯುತ್ ಕಣಗಳಿರುವ ಪದರ) ಬಾಗಿ, ದೂರದಲ್ಲೆಲ್ಲೋ ನೆಲಕ್ಕೆ ಇಳಿದು, ಒಬ್ಬರ ಮನೆಯ ರೇಡಿಯೋದಲ್ಲಿ ನನ್ನ ದನಿಯಾಗುತ್ತದೆ. ಇಷ್ಟು ವರ್ಷ ಆದ ಮೇಲೂ ನನಗೆ ಇದು ಮಾಮೂಲಿ ಅನ್ನಿಸಿಲ್ಲ. ಫೋನ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರು ಇದ್ದಾರೆ. ಫೋನಿನಲ್ಲಿ ಯಾರಿಗೆ ಮಾಡಬೇಕು ಅಂತ ನಮಗೆ ಮೊದಲೇ ಗೊತ್ತಿರುತ್ತದೆ. ಇಲ್ಲಿ "ಸಿಕ್ಯು", ಅಂದರೆ ಯಾರಾದರೂ ಇದ್ದೀರಾ, ಅಂತ ಕೂಗಿ ಬಿಟ್ಟರೆ, ಗುರುತಿಲ್ಲದ ಯಾರೋ ಕಿವಿಗೊಟ್ಟು ಕಾಯುತ್ತಿರುತ್ತಾರೆ. ಆ ಕ್ಷಣ ಮಕ್ಕಳಿಗೂ ಸಿಗಲಿ ಅಂತ ನನಗೆ ಆಸೆ.

ನಾಲ್ಕನೆಯದಕ್ಕೆ ಎರಡು ಮೀಟರ್ ಬ್ಯಾಂಡಿನ (ಅಲೆಯುದ್ದ ಸುಮಾರು ಎರಡು ಮೀಟರ್) ಕೈ ರೇಡಿಯೋ ತೆಗೆದೆ. ಅದರ ಅಲೆ ಹೆಚ್ಚುಕಡಿಮೆ ಕಣ್ಣಿನ ಹಾಗೆ, ನೇರ ಹೋಗುತ್ತದೆ. ಸುತ್ತಲಿನ ನೆಲಕ್ಕಿಂತ 1000 ಮೀಟರ್ ಮೇಲೆ ನಿಂತರೆ ದಿಗಂತವೇ 110 ಕಿಲೋಮೀಟರ್ ಆಚೆ ಇರುತ್ತದೆ. ಕೆಳಗಿನಿಂದ ಏನೂ ಕೇಳಿಸದ ರೇಡಿಯೋ ಮೇಲೆ ಹೋದ ಕೂಡಲೇ ಬಾಯಿ ಬಿಡುವುದು ಇದಕ್ಕೇ.

ಉತ್ತರ ಕೊಟ್ಟವರು ಮನೆಯಲ್ಲಿ ಇರಲಿಲ್ಲ. ಅವರೂ ಒಂದು ಬೆಟ್ಟದ ತುದಿಯಲ್ಲಿದ್ದರು. ಅವರ ಮಾತಿನ ಹಿಂದೆಯೂ ಗಾಳಿ ಬಡಿಯುತ್ತಿತ್ತು. ಮಗಳು ಸೋಟಾ ಪಟ್ಟಿಯಲ್ಲಿನ ಅವರ ಬೆಟ್ಟದ ಸಂಖ್ಯೆ ಬರೆದುಕೊಂಡಳು. ನಕ್ಷೆ ಬಿಡಿಸಿ ದಿಕ್ಸೂಚಿ ಇಟ್ಟು, ದೂರದಲ್ಲಿ ನೀಲಿಯಾಗಿ ಕಾಣುತ್ತಿದ್ದ ಒಂದು ಗೆರೆಯ ಕಡೆ ಬೆರಳು ತೋರಿಸಿದಳು. ಮಗ ಬಂಡೆ ಹತ್ತಿ ಎರಡೂ ಕೈ ಮೇಲೆತ್ತಿ ಆ ಕಡೆಗೆ ಬೀಸತೊಡಗಿದ. "ಅವರಿಗೆ ಕಾಣಲ್ಲ ಕಣೋ" ಅಂದಳು ಅವನ ಅಕ್ಕ. ಆಮೇಲೆ ಅವಳೂ ಬಂಡೆ ಹತ್ತಿದಳು.