ಸ್ಪರ್ಧೆ ಅಂತ ನಾಯಿಗೆ ಗೊತ್ತೇ ಇಲ್ಲ

ಗಂಡ ಹೆಂಡತಿ ಮನಶ್ಶಾಸ್ತ್ರಜ್ಞರ ಮುಂದೆ ಕೂತು ಅಳಲು ತೋಡಿಕೊಳ್ಳುತ್ತಿದ್ದಾರೆ. ಕಾಮಸೂತ್ರದ ಯಾವುದೋ ಭಂಗಿಯನ್ನು ಪ್ರಯತ್ನಿಸುವಾಗ ಒಂದು ಜೀವ ನೋಡಿಬಿಟ್ಟಿತಂತೆ, ಅಲ್ಲಿಂದ ಮಂಕಾಗಿದೆಯಂತೆ. ಆಮೇಲೆ ನೋಡಿದರೆ ರೋಗಿ ಅವರ ನಾಯಿ ಬೀಟ್ರಿಸ್! ಕ್ರಿಸ್ಟೋಫರ್ ಗೆಸ್ಟ್ 2000ದಲ್ಲಿ ಮಾಡಿದ 'ಬೆಸ್ಟ್ ಇನ್ ಶೋ' ಸಿನಿಮಾ ಹೀಗೆ ಶುರುವಾಗುತ್ತದೆ.

ಕಥೆ ದೊಡ್ಡದೇನಲ್ಲ. ಫಿಲಡೆಲ್ಫಿಯಾದ ನಾಯಿ ಪ್ರದರ್ಶನಕ್ಕೆ ಐದು ನಾಯಿಗಳ ಜೊತೆ ಅವುಗಳ ಯಜಮಾನರು ಹೊರಡುತ್ತಾರೆ. ಈ ಮೇಫ್ಲವರ್ ಪ್ರದರ್ಶನ ಕಲ್ಪನೆಯದು. ಆದರೆ 1877ರಿಂದ ನಡೆಯುತ್ತಾ ಬಂದಿರುವ ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಪ್ರದರ್ಶನದ ಛಾಯೆ ಎದ್ದು ಕಾಣುತ್ತದೆ. ಅಲ್ಲಿ ಒಂದು ನಾಯಿಯನ್ನು ಇನ್ನೊಂದರ ಜೊತೆ ಹೋಲಿಸುವುದಿಲ್ಲ. ಆ ತಳಿ ಹೇಗಿರಬೇಕು ಅಂತ ಬರೆದಿಟ್ಟ ಲಕ್ಷಣಗಳಿಗೆ ಯಾವುದು ಹತ್ತಿರ ಅಂತ ನೋಡುತ್ತಾರೆ. ಕಿವಿ, ಬಾಲ, ನಡಿಗೆ, ಹಲ್ಲು ಎಲ್ಲಕ್ಕೂ ಲೆಕ್ಕ.

ಈ ಸಿನಿಮಾದ ಬಗ್ಗೆ ಮಾತು ಬಂದರೆ ಎಲ್ಲರೂ ಮೊದಲು ಹೊಗಳುವುದು ಫ್ರೆಡ್ ವಿಲ್ಲರ್ಡ್ ಅವರನ್ನು. ನಾಯಿ ಬಗ್ಗೆ ಏನೂ ಗೊತ್ತಿಲ್ಲದೆ ಬಾಯಿಗೆ ಬಂದಿದ್ದು ಹೇಳುವ ವೀಕ್ಷಕ ವಿವರಣೆಗಾರ ಅವರು. ಪಕ್ಕದಲ್ಲಿ ಕೂತ ತಜ್ಞನ ಮುಖ ನೋಡಿದರೇ ಸಾಕು, ಪಾಪ. ಒಪ್ಪುತ್ತೇನೆ, ಅದ್ಭುತ. ಆದರೆ ನನ್ನ ಓಟು ಬೀಟ್ರಿಸ್‌ಳ ಯಜಮಾನಿ ಮೆಗ್‌ಗೆ. ಪಾರ್ಕರ್ ಪೋಸಿ ಮಾಡಿದ ಪಾತ್ರ.

ಸ್ಪರ್ಧೆಗೆ ಮುಂಚೆ ಬೀಟ್ರಿಸ್‌ಳ ಆಟಿಕೆ ಕಾಣೆಯಾಗುತ್ತದೆ. ಒಂದು ಜೇನುಹುಳದ ಬೊಂಬೆ, ಅಷ್ಟೇ. ಮೆಗ್ ಹೋಟೆಲ್ ತಲೆಕೆಳಗೆ ಮಾಡುತ್ತಾಳೆ, ಆಮೇಲೆ ಅಂಗಡಿಗೆ ಓಡುತ್ತಾಳೆ. ಅಂಗಡಿಯವನು ಇದ್ದಿದ್ದರಲ್ಲಿ ಹೊಂದುವಂಥದ್ದು ಅಂತ ಒಂದು ಬೊಂಬೆ ತೋರಿಸುತ್ತಾನೆ. ಅದು ಜೇನುಹುಳದ ವೇಷ ಹಾಕಿದ ಕರಡಿ! ಅವಳ ಸಿಟ್ಟು ನೋಡಬೇಕು. ಅದರಲ್ಲಿ ಒಂದು ಚೂರೂ ನಾಟಕವಿಲ್ಲ. ಅವಳಿಗೆ ನಿಜವಾಗಿಯೂ ಪ್ರಪಂಚವೇ ಮುಳುಗಿದೆ.

ಈ ಸಿನಿಮಾ ಗೆದ್ದಿದ್ದೇ ಇಲ್ಲಿ ಅನ್ನುತ್ತೇನೆ. ಯಾರೂ 'ನೋಡಿ, ನಾನು ಕಾಮಿಡಿ ಮಾಡ್ತಿದ್ದೀನಿ' ಅಂತ ಹಲ್ಲು ಕಿರಿಯುವುದಿಲ್ಲ. ಗೆಸ್ಟ್ ಮತ್ತು ಯುಜೀನ್ ಲೆವಿ ಕಥೆಯ ಹಂದರ ಮಾತ್ರ ಬರೆದುಕೊಂಡಿದ್ದರು. ಮಾತೆಲ್ಲ ಬಹುಪಾಲು ನಟರು ಅಲ್ಲೇ ಕಟ್ಟಿದ್ದು. ನಮ್ಮ ಯಕ್ಷಗಾನದ ಅರ್ಥಧಾರಿಗಳ ಹಾಗೆ, ಪ್ರಸಂಗ ಗೊತ್ತು, ಮಾತು ಆಶು. ಗಂಟೆಗಟ್ಟಲೆ ಚಿತ್ರೀಕರಿಸಿ ಕೊನೆಗೆ ಉಳಿಸಿಕೊಂಡಿದ್ದು ಸುಮಾರು 90 ನಿಮಿಷ. ಜಾಸ್ತಿ ಎಳೆಯುವ ನಮ್ಮ ಕಾಮಿಡಿಗಳನ್ನು ನೋಡಿ ನೋಡಿ ಸುಸ್ತಾದವರಿಗೆ ಇದೊಂದೇ ಸಮಾಧಾನ.

ಮೂರ್ಖರನ್ನು ತೋರಿಸಿ ನಗಿಸುವ ಸಿನಿಮಾ ಇದು, ಸ್ವಲ್ಪ ಕ್ರೂರ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸಿಲ್ಲ. ಫ್ಲೋರಿಡಾದ ಗೆರ್ರಿಯನ್ನೇ ನೋಡಿ. ಹುಟ್ಟುವಾಗಲೇ ಎರಡೂ ಎಡಗಾಲು. ಹೋದಲ್ಲೆಲ್ಲ ಹೆಂಡತಿ ಕುಕಿಯ ಹಳೇ ಪ್ರಿಯಕರರು ಸಿಗುತ್ತಾರೆ, ಇವನ ಎದುರಿಗೇ ಹಳೇ ನೆನಪು ತೆಗೆಯುತ್ತಾರೆ. ಕೊನೆಗೆ ಕುಕಿಯ ಮಂಡಿ ಉಳುಕಿ, ಅವರ ಟೆರಿಯರ್ ತಳಿಯ ನಾಯಿ ವಿಂಕಿಯನ್ನು ಹಿಡಿದು ಓಡುವ ಪಾಳಿ ಈ ಎರಡು ಎಡಗಾಲಿನವನಿಗೇ ಬರುತ್ತದೆ. ಅವನು ಓಡುವಾಗ ನಗುತ್ತಲೇ 'ಗೆಲ್ಲಪ್ಪಾ' ಅಂದುಕೊಂಡೆ. ಗೆರ್ರಿ ಆಗಿರುವ ಲೆವಿ, ಕುಕಿ ಆಗಿರುವ ಕ್ಯಾಥರೀನ್ ಒಹಾರಾ ಇಬ್ಬರಿಗೂ ಆ ಪಾತ್ರಗಳ ಮೇಲೆ ಪ್ರೀತಿ ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ?

ಕರುಣೆ ಸಿಗದಿದ್ದು ಮೆಗ್ ದಂಪತಿಗೆ ಮಾತ್ರ. ಅದೂ ಸರಿಯೇ. ರಿಂಗ್‌ನಲ್ಲಿ ಬೀಟ್ರಿಸ್ ರೇಗಿ ಸ್ಪರ್ಧೆಯಿಂದ ಹೊರಬಿದ್ದ ಮೇಲೆ ಇವರು ಮಾಡುವುದೇನು ಗೊತ್ತಾ? ಎಲ್ಲ ತಪ್ಪನ್ನೂ ಆ ನಾಯಿಯ ಮೇಲೆ ಹೊರಿಸಿ, ಅದನ್ನು ಸಾಗಹಾಕಿ, ಬೇರೆ ನಾಯಿ ತಂದುಕೊಳ್ಳುತ್ತಾರೆ. ಈಗ ಸಂಸಾರ ಸುಖವಾಗಿದೆಯಂತೆ. ನನ್ನ ಕೇಳಿದರೆ, ಆ ಪ್ರದರ್ಶನದಲ್ಲಿ ನಿಜವಾಗಿ ಗೆದ್ದವಳು ಬೀಟ್ರಿಸ್. ಆ ಮನೆಯಿಂದ ಪಾರಾದಳಲ್ಲ!