ಹಾಕಿ ತಂಡದ ಸೋಲು-ಗೆಲುವಿಗೆ ಕೋಚ್ ಎಷ್ಟು ಹೊಣೆ?

ಪರ: ಬೆಂಚ್ ಪಕ್ಕ ನಿಂತವರೇ ಆಟ ನಡೆಸುತ್ತಾರೆ

ಕ್ರಿಕೆಟ್ ಮೈದಾನದಲ್ಲಿ ಯಜಮಾನಿಕೆ ಕ್ಯಾಪ್ಟನ್‌ದು. ಹಾಕಿಯಲ್ಲಿ ಹಾಗಲ್ಲ. ಪೆನಾಲ್ಟಿ ಕಾರ್ನರ್ (ಗೋಲಿನ ಹತ್ತಿರ ತಪ್ಪಾದಾಗ ಎದುರಾಳಿಗೆ ಸಿಗುವ ಗೋಲಿನ ಅವಕಾಶ) ಹೊತ್ತು ಬಿಟ್ಟರೆ ಆಟ ನಿಲ್ಲಿಸದೆ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಫಾರ್ವರ್ಡ್‌ಗಳು ಕೆಲವೇ ನಿಮಿಷ ಜೀವ ಬಿಟ್ಟು ಓಡಿ, ಹೊರಗೆ ಬಂದು ನೀರು ಕುಡಿದು ಮತ್ತೆ ಒಳಗೆ ಹೋಗುತ್ತಾರೆ. ಯಾರು, ಯಾವಾಗ ಅನ್ನುವ ಲೆಕ್ಕವೆಲ್ಲ ಕೋಚ್ ಕಡೆಯದು.

2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್‌ಫೈನಲ್ ನೆನಪಿದೆ ಅಲ್ವಾ? ಬ್ರಿಟನ್ ಎದುರು 17ನೇ ನಿಮಿಷದಲ್ಲೇ ನಮ್ಮ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. ಉಳಿದ 40ಕ್ಕೂ ಜಾಸ್ತಿ ನಿಮಿಷ ಹತ್ತೇ ಜನ ಆಡಿದರು. ಆದರೂ 1-1 ಸಮ, ಶೂಟೌಟ್‌ನಲ್ಲಿ (ಒಬ್ಬೊಬ್ಬರೇ ಗೋಲ್‌ಕೀಪರ್ ಎದುರು ಹೋಗಿ ಗೋಲು ಹೊಡೆಯುವ ಸುತ್ತು) 4-2 ಗೆಲುವು. ಕೋಚ್ ಕ್ರೇಗ್ ಫುಲ್ಟನ್ 2023ರಲ್ಲಿ ಬಂದಾಗಿನಿಂದ ಮೊದಲು ನಮ್ಮ ಗೋಲು ಕಾಯಬೇಕು ಎಂದು ತಿದ್ದುತ್ತಲೇ ಇದ್ದರು. ಅಂಥ ಶಿಸ್ತು ಒಂದೇ ದಿನಕ್ಕೆ ಬರುವುದಿಲ್ಲ.

2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ಎದುರು 1-7ರಿಂದ ಸೋತ ತಂಡ, 11 ದಿನದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ ಕಂಚು ತಂತು. 41 ವರ್ಷದ ನಂತರ ಬಂದ ಒಲಿಂಪಿಕ್ಸ್ ಪದಕ ಅದು. ಹುಡುಗರು ಕುಸಿಯದಂತೆ ನೋಡಿಕೊಂಡ ಆಗಿನ ಕೋಚ್ ಗ್ರಹಾಂ ರೀಡ್‌ಗೆ ಆ ಶ್ರೇಯಸ್ಸು ಕೊಡದೇ ಇರೋಕಾಗುತ್ತಾ? 2023ರ ವಿಶ್ವಕಪ್‌ನಲ್ಲಿ, ನಮ್ಮ ನೆಲದಲ್ಲೇ, ನ್ಯೂಜಿಲೆಂಡ್ ಎದುರು 3-1 ಮುಂದಿದ್ದು ಸೋತಾಗ ರೀಡ್ ರಾಜೀನಾಮೆ ಕೊಟ್ಟರು. ಅದೂ ಸರಿಯೇ.

ವಿರೋಧ: ಸ್ಟಿಕ್ ಹಿಡಿಯುವವರು ಕೋಚ್‌ಗಳಲ್ಲ

ಅದೇ ಟೋಕಿಯೊ ಪಂದ್ಯದ ಕೊನೆಯ ಕ್ಷಣ ನೋಡಿ. ಗಡಿಯಾರದಲ್ಲಿ ಉಳಿದಿದ್ದು ಬೆರಳೆಣಿಕೆಯ ಸೆಕೆಂಡು. ಜರ್ಮನಿಗೆ ಪೆನಾಲ್ಟಿ ಕಾರ್ನರ್. ಗೆರೆಯ ಹಿಂದೆ ನಮ್ಮ ಗೋಲ್‌ಕೀಪರ್ ಶ್ರೀಜೇಶ್, ಜೊತೆಗೆ ನಾಲ್ವರು. ಚೆಂಡು ಬಂತು, ಶ್ರೀಜೇಶ್ ತಡೆದರು. ಅಲ್ಲಿಗೆ ಪದಕ ನಮ್ಮದಾಯಿತು. ಅದು ಒಳಗೆ ಹೋಗಿದ್ದರೆ 5-5 ಆಗಿ ಶೂಟೌಟ್. ಅದನ್ನೂ ಸೋತಿದ್ದರೆ ಇದೇ ರೀಡ್‌ರನ್ನು ನಾವೇ ಬೈಯುತ್ತಿದ್ದೆವು. 2023ರ ವಿಶ್ವಕಪ್‌ನಲ್ಲಿ ನಮ್ಮ ಆಟಗಾರ ಹಾರ್ದಿಕ್ ಸಿಂಗ್ ತೊಡೆ ಸ್ನಾಯು ಎಳೆದುಕೊಂಡು ಹೊರಬಿದ್ದರು. ಅದನ್ನೂ ಕೋಚ್ ತಲೆಗೆ ಕಟ್ಟುವುದಾ?

ಕೋಚ್ ಶೋರ್ಡ್ ಮರೈನ್ ಕಥೆ ಕೇಳಿ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪುರುಷರ ತಂಡ ನಾಲ್ಕನೇ ಸ್ಥಾನಕ್ಕಿಳಿದಾಗ ಅವರನ್ನು ಅಲ್ಲಿಂದ ತೆಗೆದು ಮಹಿಳಾ ತಂಡಕ್ಕೆ ಕಳಿಸಿದರು. ಮೂರು ವರ್ಷದ ಮೇಲೆ ಮಹಿಳೆಯರು ಮೊದಲ ಸಲ ಒಲಿಂಪಿಕ್ಸ್ ಸೆಮಿಫೈನಲ್ ಆಡಿದರು. ಅಲ್ಲೂ ಸಿಕ್ಕಿದ್ದು ನಾಲ್ಕನೇ ಸ್ಥಾನವೇ. ಆದರೆ ಈ ಸಲ ಮರೈನ್ ಹೀರೊ! ಸಿಟ್ಟು ಬರುವುದು ಇಲ್ಲೇ. ನಾವು ಕೋಚ್‌ರ ಕೆಲಸ ನೋಡುವುದಿಲ್ಲ, ನಮ್ಮ ನಿರೀಕ್ಷೆ ನೋಡುತ್ತೇವೆ.

ಬೈಯಲೇಬೇಕಿದ್ದರೆ ತಾಳ್ಮೆ ಇಲ್ಲದ ಆಡಳಿತವನ್ನು ಬೈಯೋಣ. 2014ರಲ್ಲಿ ಪುರುಷರ ತಂಡದ ಕೋಚ್ ಟೆರಿ ವಾಲ್ಶ್ ಏಷ್ಯನ್ ಗೇಮ್ಸ್ ಚಿನ್ನ ಗೆಲ್ಲಿಸಿದ ಬೆನ್ನಲ್ಲೇ ಹೋದರು. ಆಮೇಲೆ 2019ರೊಳಗೆ ಐದು ಕೋಚ್‌ಗಳು: ವ್ಯಾನ್ ಆಸ್, ಓಲ್ಟ್‌ಮನ್ಸ್, ಮರೈನ್, ಹರೇಂದ್ರ ಸಿಂಗ್, ರೀಡ್. ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದ ಕ್ಯಾಂಪ್‌ಗೆ ಒಬ್ಬೊಬ್ಬರು ಒಂದೊಂದು ಪಾಠ ತಂದರು. ಶ್ರೀಜೇಶ್, ಮನ್‌ಪ್ರೀತ್ ಆ ಐದೂ ಜನರ ಕೈಯಲ್ಲಿ ಆಡಿದರು. ಆಡುತ್ತಲೇ ಟೋಕಿಯೊಗೆ ಹೋದರು.